ಸರಾಸರಿ ರೈತ ಯಾವ ಊರಲ್ಲಿದ್ದಾನೆ?



ಹೋದ ಸುಗ್ಗಿ ಹೊತ್ತಿನಲ್ಲಿ ನಮ್ಮ ಕೊಕ್ಕನೂರಿಗೆ ಒಂದು ಕಾರು ಬಂತು. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಆಂಜನೇಯನ ಗುಡಿ ಹತ್ತಿರ ಕೂತಿದ್ದ ನಮ್ಮ ನಾಲ್ಕೈದು ಜನರ ಹತ್ತಿರ ಬಂದು, "ರೈತರ ಸಾಲದ ಬಗ್ಗೆ ಅಧ್ಯಯನ ಮಾಡ್ತಾ ಇದೀವಿ ಸರ್, ಒಬ್ಬೊಬ್ಬರಿಗೆ ಹತ್ತು ನಿಮಿಷ ಸಾಕು" ಅಂದರು. ಸಾಲ ಎಷ್ಟು? ಬ್ಯಾಂಕಿನದೋ ಖಾಸಗಿಯೋ? ಯಾತಕ್ಕೆ ತಗೊಂಡಿರಿ, ಬೆಳೆಗೋ, ಮದುವೆಗೋ, ಆಸ್ಪತ್ರೆಗೋ? ಯಾವುದಾದರೂ ಒಂದಕ್ಕೆ ಮಾತ್ರ ಗುರುತು ಹಾಕಬೇಕಂತೆ.

ನನ್ನ ಪಕ್ಕ ಕೂತಿದ್ದ ಹಿರಿಯರು ಹೇಳಿದರು: "ಯವ್ವಾ, ಬ್ಯಾಂಕ್ ಸಾಲ ತಗೊಂಡಿದ್ದು ಭತ್ತಕ್ಕೆ. ಅದನ್ನ ತೀರಿಸಿದ್ದು ದಲ್ಲಾಳಿ ಅಂಗಡಿ ದುಡ್ಡಿನಾಗೆ. ದಲ್ಲಾಳಿದು ತೀರಿಸಾಕೆ ಮನೆಯವಳ ಬಂಗಾರ ಗಿರವಿ ಇಟ್ಟೆ. ಆ ಬಂಗಾರ ಬಿಡಿಸಾಕೆ ಈಗ ಮತ್ತೆ ಬ್ಯಾಂಕಿಗೇ ಅರ್ಜಿ ಹಾಕೀನಿ. ಇದನ್ನ ಯಾವ ಖಾನೆಗೆ ಹಾಕ್ತೀಯವ್ವಾ?"

ಹುಡುಗಿ ಒಂದು ಗಳಿಗೆ ಸುಮ್ಮನೆ ನಿಂತಳು. ಆಮೇಲೆ ಸಣ್ಣ ದನಿಯಲ್ಲಿ, "ಇತರೆ ಅಂತ ಹಾಕ್ತೀನಿ ಅಜ್ಜಾ" ಅಂದಳು.

ಇತರೆ! ನಲವತ್ತು ವರ್ಷ ಮಣ್ಣು ಹೊತ್ತ ಮನುಷ್ಯನ ಬದುಕು ಒಂದು ಪದಕ್ಕೆ ಮುಗಿದು ಹೋಯಿತು. ಆ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಹಳ್ಳಿಯಿಂದ ಹೋದವರೇ, ದಿನಗೂಲಿಗೆ ದುಡಿಯುವವರೇ. ನನ್ನ ಜಗಳ ಇರುವುದು ಆ ಖಾನೆಗಳನ್ನು ಗೆರೆ ಹೊಡೆದವರ ಜೊತೆ. ನಮ್ಮನ್ನು ಹೇಗೆ ಓದಬೇಕು, ಹೇಗೆ ಲೆಕ್ಕ ಹಾಕಬೇಕು ಅನ್ನುವುದನ್ನು ನಮ್ಮನ್ನು ಕೇಳದೆ ತೀರ್ಮಾನಿಸಿದವರ ಜೊತೆ. ಇದು ಪಂಡಿತರ ವಿಚಾರ, ನಮಗ್ಯಾಕೆ ಅಂತ ಪುಟ ಮಗುಚಬೇಡಿ. ಬೆಲೆ ಕಟ್ಟುವುದು ಈ ಲೆಕ್ಕದ ಮೇಲೆ. ಸತ್ತ ರೈತನ ಹೆಂಡತಿಗೆ ಪರಿಹಾರ ಕೊಡುವುದೋ ಬಿಡುವುದೋ ಅನ್ನುವುದೂ ಈ ಲೆಕ್ಕದ ಮೇಲೆಯೇ.

ಎರಡು ದಾರಿ

ಸಮಾಜವನ್ನು ಅಭ್ಯಾಸ ಮಾಡುವವರಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಸಾವಿರಾರು ಮನೆಗೆ ಹೋಗಿ ಒಂದೇ ಪ್ರಶ್ನೆಪಟ್ಟಿ ಹಿಡಿದು ಉತ್ತರ ಬರೆದುಕೊಂಡು ಕೂಡಿಸಿ ಭಾಗಿಸುವುದು. ಇದು ಸಮೀಕ್ಷೆ. ಇನ್ನೊಂದು, ಒಂದೇ ಊರನ್ನೋ, ಒಂದೇ ಮನೆಯನ್ನೋ, ಒಂದೇ ಘಟನೆಯನ್ನೋ ಹಿಡಿದು ಅದರ ಬೇರಿನ ತನಕ ಅಗೆಯುವುದು. ಇದಕ್ಕೆ ಪ್ರಕರಣ ಅಧ್ಯಯನ ಅಂತ ಹೆಸರು. ಕೇಸ್ ಸ್ಟಡಿ ಅಂತಲೂ ಅಂತಾರೆ.

ಎರಡನೆಯದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಗೊತ್ತಿಲ್ಲದ್ದೇನಲ್ಲ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಚುಕಿದರೆ ಸಾಕು, ಇಡೀ ಗಡಿಗೆ ಬಗ್ಗಿಸಬೇಕಿಲ್ಲ. ಆದರೆ ಅದೇ ಹೆಣ್ಣುಮಗಳನ್ನು ಕೇಳಿ ನೋಡಿ, ಈ ಮಾತಿಗೆ ಮೂರು ಷರತ್ತು ಹೇಳುತ್ತಾಳೆ. ಒಂದೇ ಗಡಿಗೆ ಆಗಿರಬೇಕು, ನಮ್ಮ ಮನೆ ಅಗುಳು ಹಿಚುಕಿ ಪಕ್ಕದ ಮನೆ ಅನ್ನ ಬೆಂದಿದೆ ಅನ್ನಲಾಗದು. ಅಕ್ಕಿ ಒಂದೇ ಥರದ್ದಾಗಿರಬೇಕು. ಮತ್ತೆ, ಅಗುಳನ್ನು ಎಲ್ಲಿಂದ ತೆಗೆದೆ ಅನ್ನುವುದು ಮುಖ್ಯ. ತಳದ್ದು ಸೀದಿರುತ್ತದೆ, ಮೇಲಿನದು ಬೆಂದಿರುವುದಿಲ್ಲ. ಈ ಮೂರು ಷರತ್ತನ್ನು ಮರೆತ ಪಂಡಿತರಿಂದಲೇ ನಮಗೆ ಅನ್ಯಾಯ ಆಗಿರುವುದು.

ಸರಾಸರಿಯ ಮಾಯೆ

ಮೊದಲು ಸಮೀಕ್ಷೆಯವರ ವಿಚಾರ ನೋಡೋಣ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ 2019ರಲ್ಲಿ ರೈತ ಕುಟುಂಬಗಳ ಲೆಕ್ಕ ತೆಗೆಯಿತು. ದೇಶದ ರೈತ ಕುಟುಂಬಗಳಲ್ಲಿ ನೂರಕ್ಕೆ 50.2 ಸಾಲದಲ್ಲಿವೆ, ಒಂದು ಕುಟುಂಬದ ಸರಾಸರಿ ಸಾಲ 74,121 ರೂಪಾಯಿ ಅಂತ ಬಂತು. ತಿಂಗಳ ಸರಾಸರಿ ಆದಾಯ 10,218 ರೂಪಾಯಿ. ಅದರಲ್ಲೂ ಬೆಳೆಯಿಂದ ಬಂದದ್ದು 3,798, ಕೂಲಿ ಸಂಬಳದಿಂದ ಬಂದದ್ದು 4,063. ಈ ಕೊನೆಯ ಎರಡು ಅಂಕಿ ನಮಗೆ ಉಪಕಾರಿ, ಅಲ್ಲ ಅನ್ನಲಾರೆ. ರೈತನ ಮನೆಗೆ ಬೆಳೆಗಿಂತ ಕೂಲಿಯೇ ಹೆಚ್ಚು ತಂದುಕೊಡುತ್ತಿದೆ ಅಂತ ಸರ್ಕಾರದ ಲೆಕ್ಕವೇ ಹೇಳಿದ ಮೇಲೆ ಇನ್ನೇನು ಬೇಕು?

ಆದರೆ 74,121 ಅನ್ನುವ ಆ ಸರಾಸರಿ ಸಾಲ ಯಾರದು? ಆ ಸಮೀಕ್ಷೆಯಲ್ಲಿ ವರ್ಷಕ್ಕೆ 4,000 ರೂಪಾಯಿ ಮೇಲ್ಪಟ್ಟು ಕೃಷಿ ಹುಟ್ಟುವಳಿ ತೆಗೆದು, ಮನೆಯಲ್ಲಿ ಒಬ್ಬರಾದರೂ ಬೇಸಾಯದಲ್ಲಿ ತೊಡಗಿದ್ದರೆ ಸಾಕು, ಅದು ರೈತ ಕುಟುಂಬ. ಹಿತ್ತಲಲ್ಲಿ ನಾಲ್ಕು ಕುರಿ ಸಾಕಿದವನೂ, ಹತ್ತೆಕರೆ ಭತ್ತ ನಾಟಿ ಮಾಡಿ ಹತ್ತೂ ಕಡೆ ಸಾಲ ಮಾಡಿದವನೂ ಒಂದೇ ತಕ್ಕಡಿಯಲ್ಲಿ. ಹತ್ತು ಮನೆಯ ಒಂದು ಕೇರಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಒಂಬತ್ತು ಮನೆಗೆ ಸಾಲವೇ ಇಲ್ಲ. ಹತ್ತನೆಯವನಿಗೆ ಹತ್ತು ಲಕ್ಷ. ಸರಾಸರಿ ತೆಗೆದರೆ ಮನೆಗೊಂದು ಲಕ್ಷ. ವರದಿ ಓದಿದ ಸಾಹೇಬರು "ಒಂದು ಲಕ್ಷ ತಾನೇ, ಭರಿಸಬಹುದು" ಅಂತಾರೆ. ಆ ರಾತ್ರಿ ಹತ್ತನೇ ಮನೆಯಾತ ಹೊಲದ ಕಡೆ ಹೋದವನು ತಿರುಗಿ ಬರುವುದಿಲ್ಲ. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಆ ಲೆಕ್ಕದೊಳಗೆ ಸತ್ತವನು ಎಲ್ಲಿಯೂ ಕಾಣುವುದಿಲ್ಲ.

ಎಣಿಕೆ ಎಷ್ಟು ಅನ್ನುವುದನ್ನು ಹೇಳುತ್ತದೆ. ಹೇಗೆ ಆಯಿತು, ಯಾಕೆ ಆಯಿತು ಅನ್ನುವುದನ್ನು ಹೇಳಲು ಒಂದು ಮನೆಯ ಹೊಸ್ತಿಲು ದಾಟಲೇಬೇಕು.

ಊರಲ್ಲಿ ಕೂತು ಓದಿದವರು

ಹೊಸ್ತಿಲು ದಾಟಿದವರೂ ಇದ್ದಾರೆ. ಅವರ ಋಣವನ್ನೂ ಹೇಳಬೇಕು.

ನೂರು ವರ್ಷದ ಹಿಂದೆ ಪುಣೆಯ ಕೃಷಿ ಕಾಲೇಜಿನಲ್ಲಿ ಹೆರಾಲ್ಡ್ ಮ್ಯಾನ್ ಅನ್ನುವ ಇಂಗ್ಲಿಷ್ ಮನುಷ್ಯ ಇದ್ದ. ಮೂಲತಃ ರಸಾಯನ ಶಾಸ್ತ್ರದವನು. ಆತ ಪಿಂಪ್ಳಾ ಸೌದಾಗರ ಅನ್ನುವ ಒಂದೇ ಹಳ್ಳಿ ಹಿಡಿದು, ಹೊಲ ಹೊಲ, ಮನೆ ಮನೆ ಲೆಕ್ಕ ತೆಗೆದು 1917ರಲ್ಲಿ ಪುಸ್ತಕ ಬರೆದ. ಹಿಡುವಳಿ ಒಡೆದು ತುಂಡಾಗಿದೆ, ಇಷ್ಟು ಜಮೀನಿನಲ್ಲಿ ಹೆಚ್ಚಿನ ಕುಟುಂಬ ಬದುಕಲಾಗದು, ಸಾಲ ಕುತ್ತಿಗೆಗೆ ಬಂದಿದೆ ಅಂತ ತೋರಿಸಿದ. ಈ ಹಳ್ಳಿ ಪಟ್ಟಣದ ಮಗ್ಗುಲಲ್ಲಿದೆ, ಎಲ್ಲಾ ಹಳ್ಳಿ ಹೀಗಿರುತ್ತದೆಯೇ ಅನ್ನುವ ಪ್ರಶ್ನೆ ಸಹಜವಾಗಿ ಎದ್ದಿತು. ಮ್ಯಾನ್ ವಾದ ಮಾಡುತ್ತ ಕೂರಲಿಲ್ಲ. ಪಟ್ಟಣದಿಂದ ದೂರದ, ಮಳೆ ಕಡಿಮೆ ಇರುವ ಜಾಟೆಗಾಂವ್ ಬುದ್ರುಕ್ ಅನ್ನುವ ಎರಡನೇ ಹಳ್ಳಿಗೆ ಹೋಗಿ, ಅಲ್ಲಿಯೂ ಹಾಗೇ ಲೆಕ್ಕ ತೆಗೆದು 1921ರಲ್ಲಿ ಪ್ರಕಟಿಸಿದ. ಅಲ್ಲಿ ಸ್ಥಿತಿ ಇನ್ನೂ ಕೆಟ್ಟದಿತ್ತು. ಒಂದು ಅಗುಳಿನ ಮೇಲೆ ಅನುಮಾನ ಬಂದರೆ ಬೇರೆ ಗಡಿಗೆಯದನ್ನೂ ಹಿಚುಕಿ ನೋಡಬೇಕು. ಇದೇ ಈ ವಿದ್ಯೆಯ ಮೊದಲ ಪಾಠ.

ನಮ್ಮ ನಾಡಿನದೇ ದೊಡ್ಡ ಉದಾಹರಣೆ ಮಂಡ್ಯದ ಕಡೆಯದು. ಸ್ಕಾರ್ಲೆಟ್ ಎಪ್ಸ್ಟೀನ್ ಅನ್ನುವ ಹೆಣ್ಣುಮಗಳು 1950ರ ದಶಕದ ನಡುವಿನಲ್ಲಿ ಇಂಗ್ಲೆಂಡಿನಿಂದ ಬಂದು ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ನೆಲೆ ನಿಂತಳು. ಪುಸ್ತಕದಲ್ಲಿ ಆ ಊರುಗಳಿಗೆ ವಂಗಲ, ದಳೇನ ಅಂತ ಮರೆಹೆಸರು ಇಟ್ಟಳು. ವಂಗಲಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂತು. ದಳೇನದ ಸುತ್ತಮುತ್ತಲ ಊರಿಗೆಲ್ಲ ನೀರು ಬಂದರೂ ಅದರ ಜಮೀನು ಎತ್ತರದಲ್ಲಿದ್ದು ಒಣ ಬೇಸಾಯಕ್ಕೇ ಉಳಿಯಿತು. ನೀರು ಬಂದ ಊರು ಬದಲಾಗುತ್ತದೆ, ಒಣ ಊರು ಹಿಂದೆ ಬೀಳುತ್ತದೆ ಅಂತ ನಾನು ನೀವು ಯಾರಾದರೂ ಹೇಳುತ್ತಿದ್ದೆವು. ಎಪ್ಸ್ಟೀನ್ ಕಂಡದ್ದು ಬೇರೆ. ನೀರು ಬಂದ ವಂಗಲದಲ್ಲಿ ಹಣ ಬಂತು, ಕಬ್ಬು ಬಂತು, ಆದರೆ ಗೌಡ, ಒಕ್ಕಲು, ಆಳು ಅನ್ನುವ ಹಳೇ ಕಟ್ಟು ಹೆಚ್ಚು ಅಲುಗಲಿಲ್ಲ. ನೀರಿಲ್ಲದ ದಳೇನದವರು ಬದುಕಲು ಮಂಡ್ಯ ಪೇಟೆಗೆ ಹೋದರು, ನೌಕರಿ ಹಿಡಿದರು, ವ್ಯಾಪಾರ ಮಾಡಿದರು. ಹಳೇ ಕಟ್ಟು ಸಡಿಲವಾದದ್ದು ಅಲ್ಲಿ. ಇದು 1962ರಲ್ಲಿ ಪುಸ್ತಕವಾಗಿ ಬಂತು. ಆಕೆ ಅಲ್ಲಿಗೇ ಬಿಡಲಿಲ್ಲ. 1970ರಲ್ಲಿ ಮತ್ತೆ ಬಂದು ನೋಡಿ 1973ರಲ್ಲಿ ಇನ್ನೊಂದು ಪುಸ್ತಕ ಬರೆದಳು. 1998ರಲ್ಲಿ ಸೂರ್ಯನಾರಾಯಣ, ತಿಮ್ಮೇಗೌಡ ಅವರ ಜೊತೆ ಸೇರಿ ನಲವತ್ತು ವರ್ಷದ ಕಥೆಯನ್ನು ಮೂರನೇ ಪುಸ್ತಕದಲ್ಲಿ ಕೊಟ್ಟಳು.

ಈ ಎರಡು ಹಳ್ಳಿಯ ಸರಾಸರಿ ತೆಗೆದಿದ್ದರೆ ಏನು ಸಿಗುತ್ತಿತ್ತು? ಅರ್ಧ ನೀರು, ಅರ್ಧ ಬದಲಾವಣೆ! ಎರಡನ್ನೂ ಬೇರೆ ಬೇರೆ ಇಟ್ಟು ಎದುರುಬದುರು ನೋಡಿದ್ದರಿಂದ ಸತ್ಯ ಹೊರಗೆ ಬಿತ್ತು.

ಎಂ.ಎನ್. ಶ್ರೀನಿವಾಸರನ್ನೂ ನೆನೆಯಬೇಕು. 1948ರಲ್ಲಿ ಮೈಸೂರು ಜಿಲ್ಲೆಯ ಕೊಡಗಹಳ್ಳಿಯಲ್ಲಿ ಬಿಡಾರ ಹೂಡಿದರು. ಪುಸ್ತಕದಲ್ಲಿ ಅದಕ್ಕೆ ರಾಂಪುರ ಅಂತ ಹೆಸರು. 1970ರಲ್ಲಿ ಅಮೆರಿಕೆಯಲ್ಲಿದ್ದಾಗ ಅವರು ಸಂಸ್ಕರಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದವು. ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ಪ್ರಬಲ ಜಾತಿ ಅನ್ನುವ ಮಾತು ಇವತ್ತು ಎಲ್ಲ ರಾಜಕಾರಣಿಗಳ ಬಾಯಲ್ಲಿದೆ. ಅದು ಬೆಳೆದದ್ದು ಆ ಒಂದು ಹಳ್ಳಿಯನ್ನು ನೋಡಿದ ಅನುಭವದಲ್ಲಿ. ಒಂದೇ ಊರು ದೇಶಕ್ಕೆ ಒಂದು ಕಣ್ಣು ಕೊಟ್ಟಿತು.

ಎಣಿಕೆಯೂ ಒಳ್ಳೆಯ ಕೆಲಸ ಮಾಡಿದ್ದುಂಟು. ಗೋರ್‌ವಾಲಾ ಸಮಿತಿಯ ಗ್ರಾಮೀಣ ಸಾಲ ಸಮೀಕ್ಷೆ 1951–52ರಲ್ಲಿ 75 ಜಿಲ್ಲೆ, 600 ಹಳ್ಳಿ ನೋಡಿತು. ರೈತ ಸಾಲ ಮಾಡುವ ನೂರು ರೂಪಾಯಿಯಲ್ಲಿ ಸಹಕಾರಿ ಸಂಘ ಕೊಡುವುದು ಬರೀ 3 ರೂಪಾಯಿ ಚಿಲ್ಲರೆ, ಲೇವಾದೇವಿಯವರು ಕೊಡುವುದು ಸುಮಾರು 70 ಅಂತ ತೋರಿಸಿತು. ಆ ಒಂದು ಅಂಕಿಯ ಮುಂದೆ ಸರ್ಕಾರಕ್ಕೆ ಬಾಯಿ ಇರಲಿಲ್ಲ. ಸಮಿತಿಯ ಶಿಫಾರಸಿನಂತೆ 1955ರಲ್ಲಿ ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕ್ ಆಯಿತು. ಹಾಗಾಗಿ ಎಣಿಕೆ ಬೇಡ ಅಂತ ನಾನು ಹೇಳುತ್ತಿಲ್ಲ. ಎಣಿಕೆ ಒಂದು ಕಣ್ಣು, ಪ್ರಕರಣ ಇನ್ನೊಂದು ಕಣ್ಣು. ಒಂದನ್ನು ಮುಚ್ಚಿಕೊಂಡು ನೇಗಿಲು ಹಿಡಿದರೆ ಸಾಲು ಸೊಟ್ಟಗಾಗುತ್ತದೆ.

ಸತ್ತವನ ಮನೆ ಮಾತ್ರ ಪ್ರಕರಣವೇ?

ಈಗ ಕಹಿ ವಿಚಾರಕ್ಕೆ ಬರುತ್ತೇನೆ. ಇದೇ ವಿದ್ಯೆಯನ್ನು ನಮ್ಮ ಮೇಲೇ ತಿರುಗಿಸಿದ್ದಾರೆ.

1997–98ರಲ್ಲಿ ಬೀದರ್ ಜಿಲ್ಲೆಯಲ್ಲಿ ತೊಗರಿ ಬೆಳೆ ಹಾಳಾಗಿ ರೈತರು ಒಬ್ಬರ ಹಿಂದೆ ಒಬ್ಬರು ಪ್ರಾಣ ಕಳೆದುಕೊಂಡರು. ಆಮೇಲೆ ಈ ಪಿಡುಗು ರಾಜ್ಯಕ್ಕೆಲ್ಲ ಹಬ್ಬಿತು. ಸರ್ಕಾರ ಡಾ. ಜಿ.ಕೆ. ವೀರೇಶ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಅದು 2002ರಲ್ಲಿ ವರದಿ ಕೊಟ್ಟಿತು. ಸಾಲವೊಂದನ್ನೇ ಕಾರಣ ಅನ್ನಲಾಗದು, ಕುಡಿತ ಇದೆ, ಸಂಸಾರದ ಜಗಳ ಇದೆ, ಮನಸ್ಸಿನ ದೌರ್ಬಲ್ಯ ಇದೆ ಅಂತ ಕಾರಣಗಳ ಪಟ್ಟಿ ಹೊರಬಂತು. ಸಾವಿಗೆ ಒಂದೇ ಕಾರಣ ಇರುವುದಿಲ್ಲ ಅನ್ನುವ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಆ ಪಟ್ಟಿಯನ್ನು ಅಧಿಕಾರದಲ್ಲಿದ್ದವರು ಹೇಗೆ ಬಳಸಿದರು? "ನೋಡಿ, ತಜ್ಞರೇ ಹೇಳಿದ್ದಾರೆ, ಕುಡಿದು ಸಾಯ್ತಾರೆ" ಅಂತ.

ತಪ್ಪು ಎಲ್ಲಿದೆ ಗಮನಿಸಿ. ಪ್ರಕರಣ ಅಂದರೆ ಯಾವುದು? ಸತ್ತವನ ಮನೆಯನ್ನೇ ಪ್ರಕರಣ ಅಂತ ಹಿಡಿದರೆ, ಆ ಮನೆಯಲ್ಲಿ ಇರುವುದೇ ಕಾರಣವಾಗಿ ಕಾಣುತ್ತದೆ. ಬಾಟ್ಲಿ ಕಾಣುತ್ತದೆ, ಗಂಡ ಹೆಂಡಿರ ಜಗಳ ಕಾಣುತ್ತದೆ. ಮಾರುಕಟ್ಟೆ ಆ ಮನೆಯೊಳಗೆ ಕಾಣುವುದಿಲ್ಲ. ಮೊಳಕೆ ಬಾರದ ಬೀಜ ಮಾರಿದ ಅಂಗಡಿ, ಸಾಲ ನವೀಕರಿಸದೆ ಅಲೆಸಿದ ಬ್ಯಾಂಕು, ಕೊಯ್ಲು ಮುಗಿದ ಮೇಲೆ ತೆರೆದ ಖರೀದಿ ಕೇಂದ್ರ, ಇವೂ ಕಾಣುವುದಿಲ್ಲ. ಬೀದರಿನ ಅದೇ ಸಾವುಗಳನ್ನು ನೋಡಿದ ಎ.ಆರ್. ವಾಸವಿ ಅವರು 1999ರಲ್ಲಿ ಬರೆದಾಗ ಮನೆಯ ಗೋಡೆ ದಾಟಿ ನೋಡಿದರು. ಬೇಸಾಯ ಪೇಟೆಗೆ ಕಟ್ಟುಬಿದ್ದದ್ದು, ಹಿರಿಯರ ತಿಳುವಳಿಕೆ ಹೋಗಿ ಔಷಧಿ ಅಂಗಡಿಯವನೇ ಸಲಹೆಗಾರ ಆದದ್ದು, ಕೂಡಿ ಮಾಡುತ್ತಿದ್ದ ಕೆಲಸ ಹೋಗಿ ರೈತ ಒಂಟಿಯಾದದ್ದು, ಎಲ್ಲವನ್ನೂ ಪ್ರಕರಣದೊಳಗೆ ತಂದರು. ಸಾವು ಅದೇ, ಊರು ಅದೇ. ಪ್ರಕರಣದ ಬೇಲಿ ಎಲ್ಲಿ ಹಾಕಿದರು ಅನ್ನುವುದರಲ್ಲಿ ಆರೋಪಿ ಬದಲಾದ. ಬೇಲಿ ಮನೆ ಸುತ್ತ ಹಾಕಿದರೆ ರೈತನೇ ಅಪರಾಧಿ. ಬೇಲಿ ಪೇಟೆ ತನಕ ಹಾಕಿದರೆ ವ್ಯವಸ್ಥೆ ಕಟಕಟೆಗೆ ಬರುತ್ತದೆ.

ನಮ್ಮ ಸೀಮೆಯ ಒಂದು ಊರಿನದು ಹೇಳುತ್ತೇನೆ, ಹೆಸರು ಬೇಡ. ಒಬ್ಬ ಯುವಕ ಔಷಧಿ ಕುಡಿದ. ಪಹಣಿ ಅಪ್ಪನ ಹೆಸರಲ್ಲಿತ್ತು. ವಿಚಾರಣೆಗೆ ಬಂದವರು ಅರ್ಧ ಗಂಟೆ ಕೂತರು. "ಕುಡೀತಿದ್ದನಾ?" ಅಂತ ಕೇಳಿದರು. ಯಾರೋ ಒಬ್ಬರು "ಹಬ್ಬ ಹುಣ್ಣಿಮೆಗೆ ಕುಡೀತಿದ್ದ" ಅಂದರು. ಅಷ್ಟು ಸಾಕಾಯಿತು. ರೈತನ ಹೆಸರಲ್ಲಿ ಜಮೀನಿಲ್ಲ, ದಾಖಲೆ ಇರುವ ಸಾಲ ಅಲ್ಪ, ಕುಡಿತದ ಚಟ ಇತ್ತು, ಪ್ರಕರಣ ಅರ್ಹವಲ್ಲ ಅಂತ ಕಾಗದ ಬಂತು. 2015ರಿಂದ ಇಂಥ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಅಂತ ಸರ್ಕಾರ ಹೇಳುತ್ತಿದೆ. ಅರ್ಹ, ಅನರ್ಹ ಅನ್ನುವ ಒಂದು ಅಕ್ಷರದಲ್ಲಿ ಆ ಹೆಣ್ಣುಮಗಳ, ಎರಡು ಕೂಸುಗಳ ಬದುಕು ತೂಗುತ್ತಿತ್ತು.

ನಾವು ಮೂರು ಜನ ಆಕೆಯ ಜೊತೆ ತಿಂಗಳುಗಟ್ಟಲೆ ಓಡಾಡಿದೆವು. ಸೊಸೈಟಿಗೆ ಹೋದೆವು, ದಲ್ಲಾಳಿ ಅಂಗಡಿಗೆ ಹೋದೆವು, ಗಿರವಿ ಅಂಗಡಿಯ ಚೀಟಿ ಹುಡುಕಿದೆವು, ವಾರದ ಕಂತಿನ ಸಂಘದ ಪಾಸ್‌ಬುಕ್ ನೋಡಿದೆವು. ಒಂದೊಂದೇ ತಾರೀಖು ಹಿಡಿದು ಸಾಲಾಗಿ ಬರೆದೆವು. ಆಗ ಕಂಡಿತು ನೋಡಿ. ಮೊದಲು ನಾಲೆ ನೀರು ಕೈಕೊಟ್ಟಿತು. ನೀರಿಗೆ ಅಂತ ಬೋರು ಕೊರೆಸಿದ, ಫೇಲಾಯಿತು. ಎರಡನೇ ಬೋರಿಗೆ ಕೈಗಡ ತಂದ, ಅದೂ ಫೇಲಾಯಿತು. ಕೈಗಡ ತೀರಿಸಲು ಹೆಂಡತಿ ಹೆಸರಲ್ಲಿ ಸಂಘದ ಸಾಲ ಎತ್ತಿದ. ವಾರದ ಕಂತು ತಪ್ಪಿದಾಗ ಮನೆ ಮುಂದೆ ಬಂದು ಕೂತರು. ಊರವರು ಹೇಳುವ ಪ್ರಕಾರ ಅವನು ಕುಡಿತ ಜಾಸ್ತಿ ಮಾಡಿದ್ದು ಇದಾದ ಮೇಲೆ. ಕುಡಿತ ಸಾಲಕ್ಕೆ ಕಾರಣವೋ, ಸಾಲ ಕುಡಿತಕ್ಕೆ ಕಾರಣವೋ? ಅರ್ಧ ಗಂಟೆಯ ವಿಚಾರಣೆಗೆ ಇದು ಸಿಗುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ತಾರೀಖಿನ ಪ್ರಕಾರ ಜೋಡಿಸಿದರೆ ಮಾತ್ರ ಸಿಗುತ್ತದೆ. ಪ್ರಕರಣ ಅಧ್ಯಯನದ ಶಕ್ತಿ ಇರುವುದೇ ಇಲ್ಲಿ. ಆ ಕಾಗದವನ್ನೆಲ್ಲ ಲಗತ್ತಿಸಿ ಮತ್ತೆ ಅರ್ಜಿ ಹಾಕಿದ್ದೇವೆ. ಅದು ಇನ್ನೂ ಮೇಲೆಯೇ ಇದೆ.

ಇಂಥ ಸಾವುಗಳ ಎಣಿಕೆಯದೂ ಒಂದು ಕಥೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ ಕರ್ನಾಟಕದ ರೈತ ಆತ್ಮಹತ್ಯೆ 2013ರಲ್ಲಿ 1,403 ಇತ್ತು. 2014ರಲ್ಲಿ ಖಾನೆಗಳನ್ನು ಹೊಸದಾಗಿ ಗೆರೆ ಹೊಡೆದರು. ಆ ವರ್ಷ ನಮ್ಮ ರಾಜ್ಯದ ಅಂಕಿ 321ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ರೈತರಿಗೆ ಅಂಥ ಸುಖ ಏನು ಬಂದಿತ್ತು? ಮರುವರ್ಷ ಅದು ಮತ್ತೆ 1,197! ಅಂಕಿ ಇಳಿದ ವರ್ಷ ಉಬ್ಬಿದ ಖಾನೆ ಯಾವುದು ಗೊತ್ತೇ? ಇತರೆ. ಗುಡಿ ಮುಂದೆ ಆ ಹುಡುಗಿ ಬರೆದುಕೊಂಡ ಅದೇ ಪದ.

ಯಾವ ಅಗುಳು ತೆಗೆದಿರಿ?

ಮೂರನೇ ಷರತ್ತು ಮರೆಯಬೇಡಿ: ಅಗುಳನ್ನು ಎಲ್ಲಿಂದ ತೆಗೆದರು ಅನ್ನುವುದು. ನಮ್ಮದು ಭದ್ರಾ ಅಚ್ಚುಕಟ್ಟು. ಲಕ್ಕವಳ್ಳಿಯಿಂದ ಹೊರಟ ನೀರು ನಮ್ಮ ಹರಿಹರ ತಾಲ್ಲೂಕು ಮುಟ್ಟುವ ಹೊತ್ತಿಗೆ ನಾಲೆಗೆ ಉಸಿರು ಇರುವುದಿಲ್ಲ. ಮೇಲಿನವರು ನಾಟಿ ಮುಗಿಸಿ ಗೊಬ್ಬರ ಹಾಕುವಾಗ ಕೊನೆ ಭಾಗದವರು ಇನ್ನೂ ಸಸಿಮಡಿ ಕಾಯುತ್ತ ಕೂತಿರುತ್ತಾರೆ. 2023ರಲ್ಲಿ ಮಳೆ ಕೈಕೊಟ್ಟಾಗ ನಿರಂತರ ನೀರೋ, ಬಿಟ್ಟು ಬಿಟ್ಟು ಹರಿಸುವ ಆನ್-ಆಫೋ ಅಂತ ದಾವಣಗೆರೆ ಬೀದಿಯಲ್ಲಿ ನಾವು ಕೂಗಿದ್ದು ನಿಮಗೆ ನೆನಪಿದೆ. ಆನ್-ಆಫ್ ಅಂದರೆ ಮೇಲಿನವರಿಗೆ ಆನ್, ಕೊನೆಯವರಿಗೆ ಆಫ್ ಅಂತಲೇ ಅರ್ಥ.

ಅಧ್ಯಯನಕ್ಕೆ ಬಂದವರ ಕಾರು ಎಲ್ಲಿ ನಿಲ್ಲುತ್ತದೆ? ಟಾರು ರಸ್ತೆ ಇದ್ದಲ್ಲಿ, ಪರಿಚಯದ ಮುಖಂಡನ ಮನೆ ಮುಂದೆ. ಆ ಮನೆಯ ಗದ್ದೆ ಹೆಚ್ಚಾಗಿ ತೂಬಿನ ಪಕ್ಕದಲ್ಲೇ ಇರುತ್ತದೆ. ಅಲ್ಲಿ ಚಹಾ ಕುಡಿದು "ಭದ್ರಾ ಅಚ್ಚುಕಟ್ಟಿನ ರೈತ ಸುಖವಾಗಿದ್ದಾನೆ" ಅಂತ ಬರೆದರೆ ಅದು ಅಧ್ಯಯನವಲ್ಲ, ಬೀಗರ ಊಟ. ನಾಲೆಯ ಒಂದು ಕೊನೆಯ ಒಣ ಗದ್ದೆ ಸಾಕು, ಎಲ್ಲರಿಗೂ ನೀರು ಮುಟ್ಟಿದೆ ಅನ್ನುವ ಹಾಳೆಯ ಲೆಕ್ಕವನ್ನು ಸುಳ್ಳು ಮಾಡಲು. ಒಂದು ಪ್ರಕರಣದಿಂದ ಎಲ್ಲರೂ ಹೀಗೇ ಅನ್ನಲು ಬರುವುದಿಲ್ಲ, ನಿಜ. ಆದರೆ ಎಲ್ಲರೂ ಹೀಗೇ ಅಂತ ಯಾರಾದರೂ ಹೇಳಿದರೆ ಅದನ್ನು ಮುರಿಯಲು ಒಂದೇ ಪ್ರಕರಣ ಸಾಕು. ನರಗುಂದ, ನವಲಗುಂದದಲ್ಲಿ 1980ರಲ್ಲಿ ಕಿಚ್ಚು ಹತ್ತಿದ್ದು ಯಾಕೆ? ಕಾಗದದ ಮೇಲೆ ನೀರಾವರಿ ಆದ ಹೊಲಗಳಿಗೆ ಬೆಟರ್‌ಮೆಂಟ್ ಲೆವಿ ಕೇಳಿದ್ದಕ್ಕೆ. ಹೊಲಕ್ಕೆ ಹೋಗಿ ನೋಡಿದ್ದರೆ ಗೋಲಿಬಾರು ಆಗುತ್ತಿರಲಿಲ್ಲ.

ಬೆಲೆ ಕಟ್ಟುವ ಲೆಕ್ಕ

ಬೆಂಬಲ ಬೆಲೆಗೂ ಇದೇ ರೋಗ. ಸಾಗುವಳಿ ಖರ್ಚಿನ ಲೆಕ್ಕ ತೆಗೆಯುವ ಕೇಂದ್ರದ ಯೋಜನೆ 1970–71ರಿಂದ ನಡೆದಿದೆ. ಆಯ್ದ ರೈತರ ಮನೆಗೆ ವರ್ಷವಿಡೀ ಹೋಗಿ ಬೀಜ, ಗೊಬ್ಬರ, ಆಳು, ಎತ್ತು, ಯಂತ್ರ ಎಲ್ಲ ಬರೆಯುವುದು ಆ ಯೋಜನೆಯ ಕ್ರಮ. ಕ್ರಮ ಒಳ್ಳೆಯದೇ, ಒಂದು ರೀತಿಯ ಪ್ರಕರಣ ಅಧ್ಯಯನವೇ. ಆದರೆ ಮುಂದೇನು? ಆ ಮನೆಗಳನ್ನು ಕಲಸಿ ರಾಜ್ಯದ ಸರಾಸರಿ, ರಾಜ್ಯಗಳನ್ನು ಕಲಸಿ ದೇಶದ ಸರಾಸರಿ. ಪಂಜಾಬಿನ ಗದ್ದೆಯೂ ಹರಿಹರದ ಗದ್ದೆಯೂ ಒಂದೇ ಗಡಿಗೆಯಲ್ಲಿ ಬೇಯುತ್ತವೆ.

2025–26ರ ಮುಂಗಾರಿಗೆ ಸಾಮಾನ್ಯ ಭತ್ತದ ಖರ್ಚು ಕ್ವಿಂಟಲ್‌ಗೆ 1,579 ರೂಪಾಯಿ, ಬೆಂಬಲ ಬೆಲೆ 2,369, ಅಂದರೆ ನೂರಕ್ಕೆ ಐವತ್ತು ಲಾಭ ಕೊಟ್ಟೆವು ಅಂತ ಕೇಂದ್ರ ಹೇಳಿತು. ಆ 1,579ರಲ್ಲಿ ಕೈಯಿಂದ ಹಾಕಿದ ಖರ್ಚಿದೆ, ಮನೆಯವರ ದುಡಿಮೆಗೆ ಒಂದು ಬೆಲೆ ಇದೆ. ಸ್ವಂತ ಭೂಮಿಯ ಗೇಣಿ ಇಲ್ಲ, ಸ್ವಂತ ಬಂಡವಾಳದ ಬಡ್ಡಿ ಇಲ್ಲ. ಇವೆರಡೂ ಸೇರಿದ ಲೆಕ್ಕಕ್ಕೆ ಸಿ2 ಅಂತ ಹೆಸರು. ಸ್ವಾಮಿನಾಥನ್ ಆಯೋಗ 2006ರಲ್ಲಿ ಖರ್ಚಿನ ಮೇಲೆ ಅರ್ಧದಷ್ಟು ಸೇರಿಸಿ ಕೊಡಿ ಅಂದದ್ದನ್ನು ನಾವು ಈ ಸಿ2 ಮೇಲೆ ಕೊಡಿ ಅಂತ ಕೇಳುತ್ತಿದ್ದೇವೆ. ಪೇಟೆಯ ಅಂಗಡಿಯವನು ತನ್ನ ಸ್ವಂತ ಮಳಿಗೆಗೆ ಬಾಡಿಗೆ ಲೆಕ್ಕ ಹಿಡಿಯುವುದಿಲ್ಲವೇ? ನಮ್ಮ ಭೂಮಿ ಮಾತ್ರ ಪುಕ್ಕಟೆಯೇ?

ನಮ್ಮ ಬೆನ್ನೂ ನೋಡಿಕೊಳ್ಳೋಣ

ಬರೀ ಅವರನ್ನು ಬೈದರೆ ಸಾಲದು. ನಮ್ಮಲ್ಲೂ ಹುಳುಕಿದೆ. ಸಭೆಗೆ ಒಬ್ಬ ವಿಧವೆಯನ್ನು ಕರೆತಂದು ವೇದಿಕೆ ಮೇಲೆ ಕೂರಿಸುತ್ತೇವೆ. ಆಕೆ ಅಳುತ್ತಾಳೆ, ನಾವು ಭಾಷಣ ಮಾಡುತ್ತೇವೆ, ಫೋಟೋ ಬರುತ್ತದೆ. ಮರುದಿನ ಆಕೆಯ ಮನೆಗೆ ಹೋದವರೆಷ್ಟು? ಅದೂ ಪ್ರಕರಣವನ್ನು ಕದಿಯುವುದೇ. ಮಗಳ ಮದುವೆಗೆ ಸಾಲ ಮಾಡಿ ಶಾಮಿಯಾನ ಹಾಕಿಸಿದ್ದನ್ನು ಬೆಳೆ ಸಾಲ ಅಂತ ಹೇಳುವವರು ನಮ್ಮಲ್ಲಿಲ್ಲವೇ? ಒಂದು ಸುಳ್ಳು ಪ್ರಕರಣ ಹತ್ತು ನಿಜ ಪ್ರಕರಣದ ಬೆಲೆ ಕಳೆಯುತ್ತದೆ. ಇನ್ನೊಂದು ಮಾತು ಕಹಿಯಾದರೂ ಹೇಳುತ್ತೇನೆ. ಸಮೀಕ್ಷೆಯವರು ಬಂದರೆ ಜಮೀನಿದ್ದ ನಾವೇ ಮುಂದೆ ಕೂತು ಮಾತಾಡುತ್ತೇವೆ. ನಮ್ಮ ಗದ್ದೆಯಲ್ಲಿ ನಾಟಿ ಹಚ್ಚುವ ಹೆಣ್ಣಾಳಿನ ಮನೆ ಸಾಲ ಯಾರು ಕೇಳಿದರು? ಆಕೆಯ ಕೂಲಿ ನಮ್ಮ ಖರ್ಚಿನ ಖಾನೆಯಲ್ಲಿದೆ, ಆಕೆಯ ಬದುಕು ಯಾವ ಖಾನೆಯಲ್ಲೂ ಇಲ್ಲ. ನಮ್ಮನ್ನು "ಇತರೆ" ಮಾಡಿದರು ಅಂತ ಕೂಗುವ ನಾವು ಅವರನ್ನು "ಇತರೆ" ಮಾಡಬಾರದು.

ಹಾಗಾದರೆ ಏನು ಮಾಡಬೇಕು?

ನಮ್ಮ ಊರುಗಳಿಗೆ ಅಧ್ಯಯನಕ್ಕೆ ಬರುವವರಿಗೆ ಬಾಗಿಲು ಮುಚ್ಚುವುದು ಬೇಡ. ಷರತ್ತು ಹಾಕೋಣ. ಈ ಊರನ್ನೇ, ಈ ಮನೆಯನ್ನೇ ಯಾಕೆ ಆರಿಸಿದಿರಿ ಅಂತ ಮೊದಲು ಹೇಳಲಿ. ತೂಬಿನ ಹತ್ತಿರದ ಮನೆ ನೋಡಿದರೆ ನಾಲೆ ಕೊನೆಯ ಮನೆಯನ್ನೂ ನೋಡಲಿ. ಸುಗ್ಗಿಯಲ್ಲಿ ಒಂದು ಸಲ ಬಂದರೆ ಬಿತ್ತನೆ ಕಾಲಕ್ಕೂ ಒಂದು ಸಲ ಬರಲಿ, ಯಾಕೆಂದರೆ ಸಾಲ ಹುಟ್ಟುವುದು ಬಿತ್ತನೆಯಲ್ಲಿ, ಕಾಣುವುದು ಸುಗ್ಗಿಯಲ್ಲಿ. ಸಾಲ ಮಾಡಿದವನನ್ನು ಕೇಳಿದ ಮೇಲೆ ಸಾಲ ಕೊಟ್ಟವನನ್ನೂ ಕೇಳಲಿ. ಬ್ಯಾಂಕೂ ಪ್ರಕರಣವೇ, ಗೊಬ್ಬರದ ಅಂಗಡಿಯೂ ಪ್ರಕರಣವೇ, ಖರೀದಿ ಕೇಂದ್ರವೂ ಪ್ರಕರಣವೇ. ಬರೆದದ್ದನ್ನು ಅಚ್ಚು ಹಾಕುವ ಮುಂಚೆ ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಿ ಹೇಳಲಿ. ತಪ್ಪಿದ್ದರೆ ತಿದ್ದುವ ಹಕ್ಕು ನಮಗಿರಲಿ. ಆದರೆ ಮನೆಯವರ ಹೆಸರು, ಮರ್ಯಾದೆ ಹೊರಗೆ ಬೀಳದಂತೆ ಕಾಯಲಿ.

ಸರ್ಕಾರಕ್ಕೆ ನಮ್ಮ ಒತ್ತಾಯ ಇಷ್ಟೇ: ರೈತ ಸತ್ತ ಮನೆಯ ವಿಚಾರಣೆ ಅರ್ಧ ಗಂಟೆಯಲ್ಲಿ ಮುಗಿಯಬಾರದು. ಬಾಯಿ ಮಾತಿನ ಕೈಗಡವೂ ಗಿರವಿ ಚೀಟಿಯೂ ವಾರದ ಕಂತೂ ಲೆಕ್ಕಕ್ಕೆ ಬರಬೇಕು. ಅನರ್ಹ ಅಂತ ಬರೆದರೆ ಯಾಕೆ ಅಂತ ಪೂರ್ತಿ ಕಾರಣ ಬರೆದು ಆ ಕುಟುಂಬದ ಕೈಗೆ ಕೊಡಬೇಕು.

ಇನ್ನು ನಮ್ಮ ಕೈಯಲ್ಲೇ ಇರುವ ಕೆಲಸ ಒಂದಿದೆ. ಪ್ರತಿ ಮನೆಯಲ್ಲೂ ಒಂದು ಪಟ್ಟಿ ಪುಸ್ತಕ ಇಡಿ. ಓದುವ ಮಗನಿದ್ದರೆ ಮಗ, ಮಗಳಿದ್ದರೆ ಮಗಳು ಬರೆಯಲಿ. ತಾರೀಖು, ಏನು ತಂದೆವು, ಎಲ್ಲಿಂದ, ಎಷ್ಟಕ್ಕೆ, ಯಾವ ಬಡ್ಡಿಗೆ. ಮನೆಯವರು ಎಷ್ಟು ದಿನ ದುಡಿದರು. ಎಷ್ಟು ಚೀಲ ಆಯಿತು, ಯಾವ ಧಾರಣೆಗೆ ಹೋಯಿತು, ತೂಕದಲ್ಲಿ ಎಷ್ಟು ಕಳೆದರು, ಹಮಾಲಿ ಎಷ್ಟು ಹಿಡಿದರು. ಒಂದು ಊರಲ್ಲಿ ಹತ್ತು ಮನೆ, ನಾಲೆಯ ಮೇಲಿನ ಐದು, ಕೊನೆಯ ಐದು, ಹೀಗೆ ಮೂರು ವರ್ಷ ಬರೆದಿಟ್ಟರೆ ಯಾವ ಆಯೋಗವೂ ಅದನ್ನು ತಳ್ಳಿಹಾಕುವುದು ಸುಲಭವಲ್ಲ. ಪಂಡಿತರ ಪುಸ್ತಕಕ್ಕೆ ನಮ್ಮ ಪುಸ್ತಕ ಉತ್ತರ ಕೊಡಲಿ.

ಆ ಹುಡುಗಿ ಕಾರು ಹತ್ತುವ ಮುಂಚೆ ಹಿರಿಯರು ಅವಳನ್ನು ಕರೆದು ಒಂದು ಮಾತು ಹೇಳಿದರು: "ಯವ್ವಾ, ಇನ್ನೊಂದು ಸಲ ಬಾ. ಆ ಯಂತ್ರ ಮನ್ಯಾಗೆ ಬಿಟ್ಟು ಬಾ. ಒಂದು ದಿನ ನಮ್ಮ ಮನ್ಯಾಗೆ ಇರು. ಆಮೇಲೆ ನಿನಗೇ ಗೊತ್ತಾಗ್ತದೆ ಯಾವ ಖಾನೆ ಅಂತ."

ಅವಳು ಬರುತ್ತೇನೆ ಅಂದಿದ್ದಾಳೆ. ಬಂದರೆ ಊಟ ಹಾಕೋಣ. ಊಟದ ಜೊತೆ ನಮ್ಮ ಲೆಕ್ಕದ ಪುಸ್ತಕವನ್ನೂ ಮುಂದಿಡೋಣ.